ಕಾರ್ಲೈಲ್ ತಂಡದ 1912: ಆ ಗೆಲುವು ಯಾರದು?

ಕಳೆದ ಸಂಚಿಕೆಯಲ್ಲಿ, 1912ರ ಒಲಿಂಪಿಕ್ಸ್‌ನ ಪೆಂಟಾಥ್ಲಾನ್ ಮತ್ತು ಡೆಕಾಥ್ಲಾನ್ ಸ್ಪರ್ಧೆಗಳೆರಡರಲ್ಲೂ ಚಿನ್ನ ಗೆದ್ದ ಅಮೆರಿಕದ ಮೂಲನಿವಾಸಿ ಆಟಗಾರ ಜಿಮ್ ಥಾರ್ಪ್ ಕುರಿತು ಪ್ರಕಟವಾದ ಟಿಪ್ಪಣಿಯನ್ನು ಓದಿ ಧಾರವಾಡದ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಒಲಿಂಪಿಕ್ ಪದಕಗಳ ಬಗ್ಗೆ ಅಷ್ಟು ಬರೆದು, ಅದೇ ವರ್ಷದ ಫುಟ್‌ಬಾಲ್ ಋತುವನ್ನು ಒಂದು ವಾಕ್ಯದಲ್ಲಿ ಮುಗಿಸಿದ್ದೇಕೆ ಎಂಬುದು ಅವರ ಮೊದಲ ಆಕ್ಷೇಪ. ಥಾರ್ಪ್ ಓದಿದ ಕಾರ್ಲೈಲ್ ಶಾಲೆಯನ್ನು ನಾವು ಬರೀ ಕ್ರೌರ್ಯದ ತಾಣವೆಂದು ಚಿತ್ರಿಸಿದ್ದೇವೆ, ಆ ಶಾಲೆಯೇ ಇಲ್ಲದಿದ್ದರೆ ಥಾರ್ಪ್ ಎಲ್ಲಿರುತ್ತಿದ್ದರು ಎಂಬುದು ಎರಡನೆಯದು.

ಮೊದಲನೆಯದನ್ನು ಒಪ್ಪುತ್ತೇವೆ. ಪೆನ್ಸಿಲ್ವೇನಿಯಾದ ಕಾರ್ಲೈಲ್ ಹೆಸರಿಗೆ ಕಾಲೇಜಲ್ಲ, ಅಮೆರಿಕದ ಮೂಲನಿವಾಸಿ ಮಕ್ಕಳಿಗೆಂದು ಸರ್ಕಾರ ನಡೆಸುತ್ತಿದ್ದ ಕೈಗಾರಿಕಾ ವಸತಿಶಾಲೆ. ಆದರೂ ಅದರ ತಂಡ ಸೆಣಸುತ್ತಿದ್ದುದು ದೊಡ್ಡ ಕಾಲೇಜುಗಳೊಂದಿಗೇ. ಅಲ್ಲಿನ ಫುಟ್‌ಬಾಲ್ ನಾವು ಕಾಲಿನಿಂದ ಆಡುವ ಆಟವಲ್ಲ, ಚೆಂಡನ್ನು ಕೈಯಲ್ಲಿ ಹಿಡಿದು ಎದುರಾಳಿಗಳ ಗೋಡೆಯನ್ನು ಭೇದಿಸುವ ಆಟ. 1912ರಲ್ಲಿ ಅದರ ನಿಯಮಗಳು ಬದಲಾದವು: ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸುವ ಟಚ್‌ಡೌನ್‌ಗೆ 5ರ ಬದಲು 6 ಅಂಕ, ಚೆಂಡನ್ನು 10 ಗಜ ಮುಂದೊಯ್ಯಲು 3ರ ಬದಲು 4 ಯತ್ನಗಳು, 110 ಗಜದ ಅಂಕಣ 100 ಗಜಕ್ಕೆ. ಮೈಭಾರಕ್ಕಿಂತ ವೇಗವನ್ನೂ ಚಾತುರ್ಯವನ್ನೂ ನೆಚ್ಚಿದ್ದ ಕಾರ್ಲೈಲ್ ಹುಡುಗರು ಇದರ ಪೂರ್ಣ ಲಾಭ ಪಡೆದರು. ಆ ಋತುವಿನ 14 ಪಂದ್ಯಗಳಲ್ಲಿ 12 ಗೆದ್ದರು. ವಾಷಿಂಗ್ಟನ್ ಅಂಡ್ ಜೆಫರ್ಸನ್ ವಿರುದ್ಧದ ಪಂದ್ಯ 0–0 ಆಯಿತು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯಕ್ಕೆ ಮಾತ್ರ 34–26ರಿಂದ ಸೋತರು.

ನವೆಂಬರ್ 9ರಂದು ವೆಸ್ಟ್ ಪಾಯಿಂಟ್‌ನಲ್ಲಿ ನಡೆದ ಪಂದ್ಯದ ಬಗ್ಗೆ ಮಾತ್ರ ನಿಧಾನವಾಗಿ ಹೇಳಬೇಕು. ಎದುರಿಗಿದ್ದುದು ಸೇನಾಧಿಕಾರಿಗಳನ್ನು ತಯಾರು ಮಾಡುವ ಅಕಾಡೆಮಿಯ ತಂಡ. ಮೂಲನಿವಾಸಿಗಳ ವಿರುದ್ಧ ದಂಡೆತ್ತಿ ಹೋಗಿದ್ದ ಕಸ್ಟರ್ ಓದಿದ್ದು ಅಲ್ಲಿಯೇ. ಅಮೆರಿಕದ ಸೇನೆ ಮೂಲನಿವಾಸಿಗಳನ್ನು ಕೊಂದ ವೂಂಡೆಡ್ ನೀ ಹತ್ಯಾಕಾಂಡ ನಡೆದು ಆಗಿನ್ನೂ 22 ವರ್ಷ ತುಂಬಿರಲಿಲ್ಲ. ಮೊದಲ ಅಂಕಗಳು ಸೇನೆಗೆ ದಕ್ಕಿದರೂ, ಹಿಂದಿನ ಸಾಲಿನ ಓಟಗಾರರಾದ ಹಾಫ್‌ಬ್ಯಾಕ್‌ಗಳನ್ನು ಎರಡೂ ಪಕ್ಕಗಳಿಗೆ ಸರಿಸಿ ನಿಲ್ಲಿಸುವ ಹೊಸ ವ್ಯೂಹದಿಂದ ಕಾರ್ಲೈಲ್ ಆಟವನ್ನು ತನ್ನ ಹಿಡಿತಕ್ಕೆ ತಂದುಕೊಂಡು 27–6ರಿಂದ ಗೆದ್ದಿತು. ಸೋತವರಲ್ಲಿ ಮುಂದೆ ಅಮೆರಿಕದ ಅಧ್ಯಕ್ಷರಾದ ಐಸೆನ್‌ಹೋವರ್ ಕೂಡ ಇದ್ದರು. ಥಾರ್ಪ್ ಅವರ ಹೆಸರಿನ ಪ್ರಭೆಯಲ್ಲಿ ಗಸ್ ವೆಲ್ಚ್, ಅಲೆಕ್ಸ್ ಅರ್ಕಾಸಾ, ಜೋ ಗಯಾನ್ ಮುಂತಾದವರು ಮರೆಯಾಗಿರುವುದು ನನಗೆ ಬೇಸರದ ಸಂಗತಿ.

ಎರಡನೆಯ ಆಕ್ಷೇಪವನ್ನು ಒಪ್ಪಲಾರೆ. 1879ರಲ್ಲಿ ಹಳೆಯ ಸೈನಿಕ ಠಾಣ್ಯದಲ್ಲಿ ಶಾಲೆಯನ್ನು ತೆರೆದವರು ರಿಚರ್ಡ್ ಹೆನ್ರಿ ಪ್ರಾಟ್ ಎಂಬ ಸೇನಾಧಿಕಾರಿ. ಮಕ್ಕಳ ಕೂದಲು ಕತ್ತರಿಸಿ, ಹೆಸರು ಬದಲಿಸಿ, ತಾಯ್ನುಡಿ ಆಡದಂತೆ ಮಾಡುವುದೇ ಅಲ್ಲಿ ಶಿಕ್ಷಣದ ಮೊದಲ ಪಾಠವಾಗಿತ್ತು. ಫುಟ್‌ಬಾಲ್ ಆ ಯೋಜನೆಯ ಭಾಗವಾಗಿರಲಿಲ್ಲ. ಹುಡುಗನೊಬ್ಬನ ಕಾಲು ಮುರಿದ ಮೇಲೆ ಪ್ರಾಟ್ ಅದನ್ನು ನಿಷೇಧಿಸಿದ್ದರು, ಹುಡುಗರೇ ಹೋಗಿ ಕೇಳಿಕೊಂಡ ಮೇಲೆ ಮತ್ತೆ ಅನುಮತಿ ಕೊಟ್ಟರು. ತರಬೇತುದಾರ ಪಾಪ್ ವಾರ್ನರ್ ಅವರ ಜಾಣ್ಮೆಯನ್ನು ಅಲ್ಲಗಳೆಯುವುದಿಲ್ಲ. ಆದರೆ 1913ರ ಆರಂಭದಲ್ಲಿ, ಥಾರ್ಪ್ ಹಿಂದೆ ಹಣ ಪಡೆದು ಬೇಸ್‌ಬಾಲ್ ಆಡಿದ್ದರೆಂಬ ಕಾರಣಕ್ಕೆ, ಹವ್ಯಾಸಿಗಳಿಗಷ್ಟೇ ಅವಕಾಶವಿದ್ದ ಒಲಿಂಪಿಕ್ಸ್‌ನ ಪದಕಗಳು ಹೋದಾಗ, ವಾರ್ನರ್ ಹೊಣೆ ಹೊರಲಿಲ್ಲ, ತಪ್ಪೊಪ್ಪಿಗೆಯ ಪತ್ರ ಹೋದದ್ದು ಥಾರ್ಪ್ ಒಬ್ಬರ ಹೆಸರಿನಲ್ಲಿ. ಮರುವರ್ಷ ಶಾಲೆಯ ಆಡಳಿತದ ಮೇಲೆ ಸಂಸತ್ತಿನ ವಿಚಾರಣೆ ನಡೆಯಿತು. ಅದಕ್ಕಾಗಿ ವಿದ್ಯಾರ್ಥಿಗಳ ಸಹಿ ಸಂಗ್ರಹಿಸಿದವರು ಅದೇ ತಂಡದ ಗಸ್ ವೆಲ್ಚ್. 1918ರಲ್ಲಿ ಮುಚ್ಚಿದ ಆ ಶಾಲೆಯ ಆವರಣದ ಸ್ಮಶಾನದಲ್ಲಿ 180ರಷ್ಟು ಸಮಾಧಿಗಳಿದ್ದವು. ಮಕ್ಕಳ ಅವಶೇಷಗಳು ಅವರವರ ಬುಡಕಟ್ಟುಗಳಿಗೆ ಮರಳತೊಡಗಿದ್ದು 2017ರಿಂದ. ಥಾರ್ಪ್ ಅವರನ್ನು ಆ ಎರಡು ಸ್ಪರ್ಧೆಗಳ ಏಕೈಕ ವಿಜೇತರೆಂದು ಒಲಿಂಪಿಕ್ ಸಮಿತಿ ಮತ್ತೆ ಒಪ್ಪಿಕೊಳ್ಳಲು 2022 ಬರಬೇಕಾಯಿತು.

ಹೀಗಿರುವಾಗ ಶಾಲೆಯ ಋಣವನ್ನು ಆ ಹುಡುಗರ ತಲೆಯ ಮೇಲೆ ಹೊರಿಸಲು ನನ್ನ ಮನಸ್ಸು ಒಪ್ಪುವುದಿಲ್ಲ. ಪತ್ರವನ್ನು ಓದಿದ ಮೇಲೆ ನಮ್ಮ ಟಿಪ್ಪಣಿಯನ್ನು ಮತ್ತೊಮ್ಮೆ ನೋಡಿದೆ. ಅದರಲ್ಲಿ ನಾವೂ ಥಾರ್ಪ್ ಅವರನ್ನು ‘ಕಾರ್ಲೈಲ್ ರೂಪಿಸಿದ ಆಟಗಾರ’ ಎಂದು ಕರೆದಿದ್ದೇವೆ. ಅದನ್ನು ‘ಕಾರ್ಲೈಲ್ ಪರವಾಗಿ ಆಡಿದ ಆಟಗಾರ’ ಎಂದು ತಿದ್ದಿ ಓದಿಕೊಳ್ಳಬೇಕೆಂದು ಓದುಗರಲ್ಲಿ ವಿನಂತಿಸುತ್ತೇನೆ.

— ಸಂಪಾದಕ