ಭೂತಾನಿಗೆ ಮೇಷ್ಟ್ರಾಗಿ ಹೊರಟ ತಮ್ಮನಿಗೆ

ತಮ್ಮಾ, ಥಿಂಫುವಿನ ಖಾಸಗಿ ಶಾಲೆಯೊಂದರಲ್ಲಿ ಗಣಿತ ಕಲಿಸುವ ಕೆಲಸ ಸಿಗುವ ಹಾಗಿದೆ, ಅಲ್ಲಿನ ಜನ ಹೇಗೆ, ಸರ್ಕಾರ ಹೇಗೆ, ಕೈಯಲ್ಲಿ ನಾಲ್ಕು ಕಾಸು ಉಳಿಯುತ್ತಾ ಅಂತ ಕೇಳಿದ್ದೀಯ. ಇಲ್ಲಿಗೆ ಬಂದು ಬಹಳ ವರ್ಷ ಆಯ್ತು. ಗೊತ್ತಿರುವುದನ್ನು ಹೇಳುತ್ತೇನೆ.

ಮೊದಲು ದುಡ್ಡಿನ ಮಾತು. ವಿದೇಶ ಅಂದ ಕೂಡಲೇ ಡಾಲರ್ ಲೆಕ್ಕ ಹಾಕಬೇಡ. ಇಲ್ಲಿನ ಒಂದು ನುಲ್ಟ್ರಮ್ ಅಂದರೆ ಒಂದು ರೂಪಾಯಿ, ಅಷ್ಟೇ. ನಮ್ಮ ನೋಟು ಇಲ್ಲಿನ ಅಂಗಡಿಗಳಲ್ಲಿ ನಡೆಯುತ್ತದೆ. ಇಲ್ಲಿನ ನೋಟು ಮಾತ್ರ ಗಡಿಯ ಜೈಗಾಂವ್ ದಾಟಿದರೆ ನಡೆಯುವುದಿಲ್ಲ. ಊರಿಗೆ ದುಡ್ಡು ಕಳಿಸುವುದು ಹೇಗೆ ಅಂತ ಸಂಬಳ ಒಪ್ಪಿಕೊಳ್ಳುವ ಮೊದಲೇ ಶಾಲೆಯವರನ್ನು ಕೇಳು. ಅಕ್ಕಿ, ಎಣ್ಣೆ, ಪೆಟ್ರೋಲು ಬಹುಪಾಲು ಭಾರತದಿಂದಲೇ ಬರುತ್ತದೆ. ಲಾರಿ ಘಾಟಿ ಹತ್ತುವಷ್ಟರಲ್ಲಿ ಬೆಲೆಯೂ ಹತ್ತಿರುತ್ತದೆ. ಥಿಂಫುವಿನಲ್ಲಿ ಬಾಡಿಗೆ ಜಾಸ್ತಿ. ಹೊರದೇಶದವರು ಜಾಗ ಕೊಳ್ಳುವ ಹಾಗಿಲ್ಲ, ನಾನೂ ಬಾಡಿಗೆ ಮನೆಯಲ್ಲೇ ಇದ್ದೇನೆ.

ಈ ದೇಶಕ್ಕೆ ದುಡಿದು ಹಾಕುವುದು ಹೊಳೆಗಳು. ಚುಖಾದಲ್ಲಿ 336 ಮೆಗಾವ್ಯಾಟ್, ತಾಲಾದಲ್ಲಿ 1020, ಮಾಂಗ್ದೆಚುವಿನಲ್ಲಿ 720. ಭಾರತದ ದುಡ್ಡಿನ ನೆರವಿನಿಂದ ಕಟ್ಟಿದ್ದು, ಮಿಕ್ಕ ಕರೆಂಟು ಹೋಗುವುದೂ ಭಾರತಕ್ಕೇ. ನೀನು ಶರಾವತಿ ಕಡೆಯವನು, ಲಿಂಗನಮಕ್ಕಿ ನೋಡಿದ್ದೀಯ. ಅಂಥ ದೊಡ್ಡ ಜಲಾಶಯ ಇಲ್ಲಿಲ್ಲ, ಹರಿಯುವ ನೀರನ್ನೇ ಸುರಂಗಕ್ಕೆ ತಿರುಗಿಸಿ ಟರ್ಬೈನಿಗೆ ಬಿಡುತ್ತಾರೆ. ಮಳೆಗಾಲದಲ್ಲಿ ಕರೆಂಟು ಮಾರುವ ದೇಶವೇ ಚಳಿಗಾಲದಲ್ಲಿ ಹೊಳೆ ಸೊರಗಿದಾಗ ಭಾರತದಿಂದ ಕೊಳ್ಳುತ್ತದೆ.

ಆದರೆ ಟರ್ಬೈನು ಎಷ್ಟು ಜನಕ್ಕೆ ಕೆಲಸ ಕೊಟ್ಟೀತು? ಓದಿದ ಹುಡುಗರು, ಹುಡುಗಿಯರು ಆಸ್ಟ್ರೇಲಿಯಾಕ್ಕೆ ಹೋಗುತ್ತಿದ್ದಾರೆ. ಮೇಷ್ಟ್ರುಗಳು, ನರ್ಸುಗಳು ಕೂಡ. ಇಡೀ ದೇಶದಲ್ಲಿರುವುದೇ ಎಂಟು ಲಕ್ಷದೊಳಗಿನ ಜನ, ಒಬ್ಬೊಬ್ಬರು ಹೋದದ್ದೂ ಕಾಣುತ್ತದೆ. ನಿನಗೆ ಸಿಗುತ್ತಿರುವ ಹುದ್ದೆಯೂ ಹಾಗೇ ಖಾಲಿಯಾದದ್ದಿರಬಹುದು. ಸ್ಟಾಫ್ ರೂಮಿನಲ್ಲಿ ಆ ನೋವು ಇರುತ್ತದೆ, ಅದನ್ನು ತಿಳಿದುಕೊಂಡು ಬಾ. ದಕ್ಷಿಣದ ಗೆಲೆಫುವಿನಲ್ಲಿ ಹೊಸ ನಗರ ಕಟ್ಟುವುದಾಗಿ ರಾಜರು 2023ರಲ್ಲಿ ಹೇಳಿದಾಗಿನಿಂದ ಎಲ್ಲರ ಆಸೆಯೂ ಅದರ ಮೇಲಿದೆ.

ಸರ್ಕಾರದ ವಿಷಯ. ಇಲ್ಲಿ ರಾಜರ ಮೇಲೆ ಜನಕ್ಕಿರುವ ಪ್ರೀತಿ ತೋರಿಕೆಯದಲ್ಲ. ಚುನಾವಣೆ ಬೇಕು ಅಂತ ಜನ ಬೀದಿಗಿಳಿದು ಕೇಳಿದ್ದಲ್ಲ, ನಾಲ್ಕನೇ ರಾಜರೇ ತಂದು ಕೊಟ್ಟಿದ್ದು. 2006ರಲ್ಲಿ ಅವರು ಮಗನಿಗೆ ಪಟ್ಟ ಬಿಟ್ಟುಕೊಟ್ಟರು, 2008ರಲ್ಲಿ ಮೊದಲ ಚುನಾವಣೆ ನಡೆದು ಸಂವಿಧಾನ ಬಂತು. ರಾಜರು 65ಕ್ಕೆ ನಿವೃತ್ತರಾಗಬೇಕು, ನೆಲದ ಶೇಕಡಾ 60ರಷ್ಟು ಸದಾ ಕಾಡಾಗಿಯೇ ಇರಬೇಕು ಅಂತ ಅದರಲ್ಲೇ ಬರೆದಿದೆ. ಮತದಾನ ಎರಡು ಸುತ್ತು. ಮೊದಲ ಸುತ್ತಿನಲ್ಲಿ ಮುಂದೆ ಬಂದ ಎರಡೇ ಪಕ್ಷಗಳು ಎರಡನೆಯದರಲ್ಲಿ ನಿಲ್ಲುತ್ತವೆ. ಇದುವರೆಗೆ ಯಾವ ಪಕ್ಷವನ್ನೂ ಜನ ಸತತ ಎರಡು ಸಲ ಗೆಲ್ಲಿಸಿಲ್ಲ. ಮೆದು ಮಾತಿನ ಜನ, ಆದರೆ ಓಟು ಹಾಕುವಾಗ ಗಟ್ಟಿ. ನನಗೆ ಇದು ಬಹಳ ಇಷ್ಟ.

ಸಂತೋಷದ ದೇಶ ಅಂತ ಬರೆಯುವವರು ಒಂದನ್ನು ಬಿಟ್ಟುಬಿಡುತ್ತಾರೆ. 1990ರ ಸುಮಾರಿಗೆ ದಕ್ಷಿಣದ ನೇಪಾಳಿ ಭಾಷಿಕರು ಲಕ್ಷದಷ್ಟು ಜನ ದೇಶ ಬಿಡಬೇಕಾಯಿತು, ವರ್ಷಗಟ್ಟಲೆ ನೇಪಾಳದ ಶಿಬಿರಗಳಲ್ಲಿ ಕಳೆದರು. ನಿನ್ನ ತರಗತಿಯಲ್ಲೂ ಅಂಥ ಬಳಗದ ಮಕ್ಕಳು ಇರಬಹುದು. ಸುಮ್ನೆ ಕುತೂಹಲಕ್ಕೆ ಕೆದಕಬೇಡ.

ಜನರ ನಡೆ ನಿನಗೆ ಬೇಗ ಹಿಡಿಸುತ್ತದೆ. ಊಟಕ್ಕೆ ಕರೆದರೆ ಬಾಯಿಗೆ ಕೈ ಅಡ್ಡ ಹಿಡಿದು 'ಮೆಶು ಮೆಶು' ಅನ್ನುವುದು ವಾಡಿಕೆ, ಬೇಡ ಬೇಡ ಅಂದ ಹಾಗೆ. ಎರಡು ಸಲ ಒತ್ತಾಯ ಮಾಡಿಸಿಕೊಂಡು ಆಮೇಲೆ ತಟ್ಟೆ ಒಡ್ಡಬೇಕು. ನಮ್ಮ ಮಲೆನಾಡಿನಲ್ಲೂ ಹೀಗೇ ಅಲ್ವಾ? ಎಮ ದತ್ಶಿಯಲ್ಲಿ ಮೆಣಸಿನಕಾಯಿಯೇ ತರಕಾರಿ, ಚೀಸ್ ಜೊತೆ ಬೇಯಿಸುತ್ತಾರೆ. ಊಟ ಆದ ಮೇಲೆ ದೋಮ, ಅಂದರೆ ಕವಳ. ಹಸಿ ಅಡಿಕೆ, ತಲೆ ತಿರುಗುತ್ತದೆ, ಅರ್ಧ ಹೋಳು ಸಾಕು. ಇಲ್ಲಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆ ತರಿಸಲು ಭಾರತ 2022ರಲ್ಲಿ ಒಪ್ಪಿದಾಗ ಶಿವಮೊಗ್ಗದಲ್ಲಿ ಎಷ್ಟು ಗಲಾಟೆಯಾಯಿತು ನೋಡಿದ್ದೀಯ. ಇಲ್ಲಿ ಅದನ್ನು ಬೆಳೆಯುವವರೂ ನಿಮ್ಮಪ್ಪನಂಥ ತೋಟದವರೇ.

ಕೆಲಸದ ಪರ್ಮಿಟ್ಟನ್ನು ಶಾಲೆಯವರೇ ಮಾಡಿಸಿಕೊಡಬೇಕು. ಅದು ಕೈಗೆ ಬರುವ ತನಕ ಅಲ್ಲಿನ ಕೆಲಸಕ್ಕೆ ರಾಜೀನಾಮೆ ಕೊಡಬೇಡ. ಬಂದ ಮೇಲೆ ಮೊದಲ ಭಾನುವಾರ ನಮ್ಮ ಮನೆಗೇ ಊಟಕ್ಕೆ ಬಾ.