ಹತ್ತು ಜಾಝ್ ಫ್ಯೂಷನ್ ಆಲ್ಬಮ್‌ಗಳಿಗೆ ಮೊದಲು ಒಂದು ಸೂಜಿ

ಜಾಝ್‌ಗೆ ರಾಕ್‌ನ ಎಲೆಕ್ಟ್ರಿಕ್ ವಾದ್ಯಗಳನ್ನೂ ಲಯವನ್ನೂ ಬೆರೆಸಿದ ಜಾಝ್ ಫ್ಯೂಷನ್‌ನ ಹತ್ತು ಆಲ್ಬಮ್‌ಗಳನ್ನು ವಿನೈಲ್ ರೆಕಾರ್ಡುಗಳಲ್ಲಿ ಕೂಡಿಡಬೇಕು, ಯಾವುವು, ಮೊದಲ ಮುದ್ರಣಗಳನ್ನೇ, ಅಂದರೆ ಆಲ್ಬಮ್ ಹೊರಬಂದಾಗಲೇ ಅಚ್ಚಾದ ಪ್ರತಿಗಳನ್ನೇ, ಹುಡುಕಬೇಕೇ ಎಂದು ಕೇಳಿದ್ದೀರಿ. ರೆಕಾರ್ಡ್ ನುಡಿಸುವ ಟರ್ನ್‌ಟೇಬಲ್ ಯಾರೋ ಬಳಸಿ ಮಾರಿದ್ದು ಎಂದು ಕೊನೆಯಲ್ಲಿ ಒಂದು ಸಾಲು ಸೇರಿಸಿದ್ದೀರಿ. ಆ ಕೊನೆಯ ಸಾಲು ಓದಿದಾಗ ನನ್ನ ಹಳೆಯ ಡೈರಿಯನ್ನು ಬೇರೆ ಯಾರೋ ಬರೆದಂತೆ ಅನಿಸಿತು. ಹನ್ನೆರಡು ವರ್ಷಗಳ ಹಿಂದೆ ನಾನೂ ಇದೇ ಕ್ರಮದಲ್ಲಿ ಯೋಚಿಸಿದ್ದೆ: ಮೊದಲು ಪಟ್ಟಿ, ಆಮೇಲೆ ಮುದ್ರಣ, ಯಂತ್ರದ ಮಾತು ಎಲ್ಲಕ್ಕಿಂತ ಕೊನೆಗೆ.

ನನಗೆ ಟರ್ನ್‌ಟೇಬಲ್ ಮಾರಿದವರು ಸೂಜಿ ಹೆಚ್ಚು ಬಳಕೆಯಾಗಿಲ್ಲ ಎಂದಿದ್ದರು. ಎಷ್ಟು ಗಂಟೆ ಓಡಿದೆ ಎಂದು ನಾನು ಕೇಳಲಿಲ್ಲ. ಕೇಳಿದ್ದರೂ ಅವರಿಗೆ ಗೊತ್ತಿರುತ್ತಿರಲಿಲ್ಲ. ಉಳಿತಾಯವೆಲ್ಲ ಮೊದಲ ಮುದ್ರಣಗಳಿಗೆ ಹೋಯಿತು. ಮಹಾವಿಷ್ಣು ಆರ್ಕೆಸ್ಟ್ರಾದ 1971ರ ‘ದಿ ಇನ್ನರ್ ಮೌಂಟಿಂಗ್ ಫ್ಲೇಮ್’, ಟೋನಿ ವಿಲಿಯಮ್ಸ್ ತಮ್ಮ ಲೈಫ್‌ಟೈಮ್ ತಂಡದೊಡನೆ 1969ರಲ್ಲಿ ಹೊರತಂದ ‘ಎಮರ್ಜೆನ್ಸಿ!’, ಬಿಲ್ಲಿ ಕೋಬ್ಯಾಮ್ ಅವರ 1973ರ ‘ಸ್ಪೆಕ್ಟ್ರಮ್’ ಒಂದೊಂದಾಗಿ ಕಪಾಟು ಸೇರಿದವು. ಸದ್ದು ಒರಟಾಗಿತ್ತು. ಗಿಟಾರ್ ಮೇಲಿನ ಸ್ವರಗಳಿಗೆ ಏರಿದಾಗಲೆಲ್ಲ ಅದರ ಸುತ್ತ ಗರಗರ ಎನ್ನುವ ಒಂದು ಅಂಚು ಹುಟ್ಟುತ್ತಿತ್ತು. ಸಿಂಬಲ್‌ಗಳು ಎಣ್ಣೆಗೆ ಬಿದ್ದ ಸಾಸಿವೆಯಂತೆ ಸಿಡಿಯುತ್ತಿದ್ದವು. ಅದೆಲ್ಲವನ್ನೂ ನಾನು ಸಂಗೀತದ ಖಾತೆಗೇ ಬರೆದುಕೊಂಡೆ.

ನನ್ನ ತಪ್ಪು ಇಷ್ಟೇ, ಆದರೆ ಇದನ್ನು ಬಿಡಿಸಿ ಹೇಳದಿದ್ದರೆ ನೀವೂ ಮಾಡುತ್ತೀರಿ. ಬೇರೆ ಯಾವ ಸಂಗೀತವನ್ನು ಕೂಡಿಡುವವರಿಗಾದರೂ ಸವೆದ ಸೂಜಿ ಒಂದು ವಾರದಲ್ಲಿ ಗೊತ್ತಾಗುತ್ತದೆ, ಏಕೆಂದರೆ ಪಿಯಾನೋದ ಸ್ವರ ಒಡೆದರೆ ಅದು ಒಡೆದದ್ದೆಂದೇ ಕಿವಿಗೆ ತಿಳಿಯುತ್ತದೆ. ಫ್ಯೂಷನ್‌ನಲ್ಲಿ ಸ್ವರವನ್ನು ಒಡೆಯುವುದೇ ಒಂದು ಕಲೆ. ಮಹಾವಿಷ್ಣು ಆರ್ಕೆಸ್ಟ್ರಾದ ಜಾನ್ ಮೆಕ್‌ಲಾಫ್ಲಿನ್ ಆಂಪ್ಲಿಫೈಯರನ್ನು ಅದರ ಮಿತಿಯಾಚೆ ತಳ್ಳಿ ಗಿಟಾರ್ ನುಡಿಸುತ್ತಿದ್ದರು, ಚಿಕ್ ಕೊರಿಯಾ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ ತಂಡದಲ್ಲಿದ್ದಾಗ ಎಲೆಕ್ಟ್ರಿಕ್ ಪಿಯಾನೋವನ್ನು ರಿಂಗ್ ಮಾಡ್ಯುಲೇಟರ್‌ನ ಮೂಲಕ ಹಾಯಿಸಿ ಅದರ ಸ್ವರವನ್ನೇ ತಿರುಚುತ್ತಿದ್ದರು, ‘ಎಮರ್ಜೆನ್ಸಿ!’ಯಂತೂ ಧ್ವನಿಮುದ್ರಣದಲ್ಲೇ ಬಿರಿದ ಸದ್ದಿಗೆ ಹೆಸರಾದ ಆಲ್ಬಮ್. ಹೀಗಿರುವಾಗ ನನ್ನ ಸೂಜಿ ಹುಟ್ಟಿಸುತ್ತಿದ್ದ ಕರ್ಕಶವು ಇವರ ಕರ್ಕಶದ ನಡುವೆ ಜಾತ್ರೆಯಲ್ಲಿ ಸೇರಿಕೊಂಡ ಕಳ್ಳನಂತೆ ಅಡಗಿಕೊಂಡಿತು. ‘ಇನ್ನರ್ ಮೌಂಟಿಂಗ್ ಫ್ಲೇಮ್’ನ ಮೊದಲ ಬದಿ ಮುಗಿಯುವುದು ‘ಎ ಲೋಟಸ್ ಆನ್ ಐರಿಶ್ ಸ್ಟ್ರೀಮ್ಸ್’ ಎಂಬ ರಚನೆಯಿಂದ. ಅದರಲ್ಲಿ ಡ್ರಮ್ ಇಲ್ಲ, ಎಲೆಕ್ಟ್ರಿಕ್ ಗಿಟಾರ್ ಇಲ್ಲ. ಅಲ್ಲಿಯೂ ಗರಗರ ಕೇಳಿಸಿತ್ತು. ಹಳೆಯ ರೆಕಾರ್ಡ್ ಅಲ್ಲವೇ, ಹಿಂದಿನವರು ಸವೆಸಿರಬೇಕು ಎಂದುಕೊಂಡು ಮುಂದೆ ಸಾಗಿದೆ. ಸಾಲದ್ದಕ್ಕೆ, ಸೂಜಿ ರೆಕಾರ್ಡನ್ನು ಒತ್ತುವ ಭಾರ ಕಡಿಮೆಯಾದರೆ ರೆಕಾರ್ಡಿಗೆ ಒಳ್ಳೆಯದೆಂದು ನಾನೇ ತೀರ್ಮಾನಿಸಿ, ತಯಾರಕರು ಎರಡು ಗ್ರಾಂ ಎಂದು ಹೇಳಿದ್ದನ್ನು ಒಂದೂಕಾಲಕ್ಕೆ ಇಳಿಸಿದ್ದೆ. ಭಾರ ಸಾಲದ ಸೂಜಿ ಗ್ರೂವ್ ಎಂಬ ರೆಕಾರ್ಡಿನ ಸುರುಳಿ ಗೀರಿನೊಳಗೆ ನೆಲೆ ನಿಲ್ಲದೆ ಗೋಡೆಯಿಂದ ಗೋಡೆಗೆ ಬಡಿದುಕೊಳ್ಳುತ್ತದೆ, ಅದು ಭಾರ ಹೆಚ್ಚಾದುದಕ್ಕಿಂತ ಕೆಟ್ಟದ್ದು ಎಂಬುದು ಆಗ ತಿಳಿದಿರಲಿಲ್ಲ.

ರೆಕಾರ್ಡಿನ ಗ್ರೂವ್‌ಗೆ ಎರಡು ಗೋಡೆಗಳಿರುತ್ತವೆ. ಎಡ ಸ್ಪೀಕರಿನ ಸದ್ದು ಒಂದರಲ್ಲಿ, ಬಲದ್ದು ಇನ್ನೊಂದರಲ್ಲಿ. ತಟ್ಟೆ ಹೊರ ಅಂಚಿನಲ್ಲೂ ನಡುವಿನ ಲೇಬಲ್ಲಿನ ಹತ್ತಿರವೂ ನಿಮಿಷಕ್ಕೆ 33⅓ ಸುತ್ತನ್ನೇ ಸುತ್ತುತ್ತದೆಯಾದರೂ, ಅಂಚಿನಲ್ಲಿ ಸೂಜಿಯ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಗ್ರೂವ್ ಸರಿದರೆ, ಲೇಬಲ್ ಸಮೀಪಿಸುವಾಗ ಅದು 21ರ ಆಸುಪಾಸಿಗೆ ಇಳಿದಿರುತ್ತದೆ. ಅಂದರೆ ಅದೇ ಸ್ವರವನ್ನು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ಮಡಚಿ ಬರೆಯಬೇಕು. ಹೊಸ ಸೂಜಿಗೇ ಆ ಒತ್ತಿದ ಅಕ್ಷರಗಳನ್ನು ಓದುವುದು ಕಷ್ಟ. ಸವೆದ ವಜ್ರದ ತುದಿಯಲ್ಲಿ ಎರಡು ಚಪ್ಪಟೆ ಮುಖಗಳು ಮೂಡಿರುತ್ತವೆ, ಅವುಗಳ ಅಂಚು ಉಳಿಯಂತೆ ಹರಿತ. ಅದು ಒಳಗಿನ ಗ್ರೂವ್‌ಗಳನ್ನು ಓದುವುದಿಲ್ಲ, ಕೆತ್ತುತ್ತದೆ. ಹಾಗೆ ಕೆತ್ತಿ ಹೋದದ್ದನ್ನು ಯಾವ ತೊಳೆತವೂ ಹಿಂದಕ್ಕೆ ತರುವುದಿಲ್ಲ.

ಮೊದಲ ಅನುಮಾನ ಹುಟ್ಟಿಸಿದ್ದು ಶಕ್ತಿ ತಂಡದ ‘ಎ ಹ್ಯಾಂಡ್‌ಫುಲ್ ಆಫ್ ಬ್ಯೂಟಿ’. 1976ರಲ್ಲಿ ಧ್ವನಿಮುದ್ರಿಸಿದ ಅದರಲ್ಲಿ ಮೆಕ್‌ಲಾಫ್ಲಿನ್ ಅವರದು ಅಕೂಸ್ಟಿಕ್ ಗಿಟಾರ್, ಎಲ್. ಶಂಕರ್ ಅವರದು ಪಿಟೀಲು, ಝಾಕಿರ್ ಹುಸೇನ್ ಅವರದು ತಬಲಾ, ವಿಕ್ಕು ವಿನಾಯಕರಾಮ್ ಅವರದು ಘಟ. ಆರಂಭದ ಕೊನ್ನಕ್ಕೋಲು, ಬಾಯಲ್ಲಿ ನುಡಿಯುವ ಲಯದ ಸೊಲ್ಲುಗಳು, ಅಚ್ಚುಕಟ್ಟಾಗಿಯೇ ಬಂದಿತು. ಸೂಜಿ ಹೊತ್ತ ತೋಳಾದ ಟೋನ್‌ಆರ್ಮ್ ಒಳಗೊಳಗೆ ಸರಿದಂತೆಲ್ಲ ಘಟವು ಮಣ್ಣಿನ ಗುಣ ಕಳೆದುಕೊಂಡು ತಗಡಿನ ಡಬ್ಬದಂತೆ ಬಡಿದುಕೊಳ್ಳತೊಡಗಿತು. ಮೆಕ್‌ಲಾಫ್ಲಿನ್ ಅವರ ಎಲೆಕ್ಟ್ರಿಕ್ ಗಿಟಾರ್ ಹೇಗೆ ಕೇಳಿಸಬೇಕೆಂದು ನನಗೆ ಗೊತ್ತಿರಲಿಲ್ಲ. ಘಟ ಹೇಗೆ ಕೇಳಿಸಬೇಕೆಂದು ಗೊತ್ತಿತ್ತು.

ಖಚಿತವಾದದ್ದು ಮೈಲ್ಸ್ ಡೇವಿಸ್ ಅವರ ‘ಇನ್ ಎ ಸೈಲೆಂಟ್ ವೇ’ಯಿಂದ. 1969ರ ಫೆಬ್ರವರಿ 18ರಂದು ಧ್ವನಿಮುದ್ರಣಗೊಂಡ ಈ ಆಲ್ಬಮ್ಮಿನ ಎರಡನೆಯ ಬದಿ ಜೋ ಝವಿನುಲ್ ಅವರ ರಚನೆಯಿಂದ ಶುರುವಾಗುತ್ತದೆ: ತಳದಲ್ಲಿ ತಂಬೂರಿಯಂತೆ ನಿಂತ ಆರ್ಗನ್, ಅದರ ಮೇಲೆ ಒಂದೊಂದೇ ಸ್ವರವನ್ನು ಅಳುಕುತ್ತ ಇಡುವ ಗಿಟಾರ್. ಗಿಟಾರ್ ಬಾರದವನಂತೆ ನುಡಿಸು ಎಂದು ಡೇವಿಸ್ ತಮಗೆ ಹೇಳಿದ್ದರೆಂದು ಮೆಕ್‌ಲಾಫ್ಲಿನ್ ನೆನಪಿಸಿಕೊಂಡಿದ್ದಾರೆ. ನಾಲ್ಕು ನಿಮಿಷಗಳ ಆ ಭಾಗ ಮುಗಿದು, ಬೇರೊಂದು ರಚನೆ ಹನ್ನೊಂದು ನಿಮಿಷಕ್ಕೂ ಮೀರಿ ನಡೆದು, ಕೊನೆಗೆ ಮತ್ತೆ ಅದೇ ನಾಲ್ಕು ನಿಮಿಷಗಳು ಬರುತ್ತವೆ. ನಾನು ಎರಡನೆಯ ಸಲ ಬರುವುದನ್ನು ಮರುವಾದನವೆಂದೇ ತಿಳಿದಿದ್ದೆ. ಅಲ್ಲಿ ಗಿಟಾರ್ ತುಸು ಕೆರಳಿದಂತಿರುವುದನ್ನು ಕಲಾವಿದನ ಭಾವವೆಂದು ಮೆಚ್ಚಿಕೊಂಡೂ ಇದ್ದೆ. ನಿರ್ಮಾಪಕ ಟಿಯೊ ಮಸೆರೊ ಮೊದಲಿನ ಟೇಪಿನ ಭಾಗವನ್ನೇ ಕೊನೆಗೂ ಅಂಟಿಸಿದ್ದಾರೆ, ಎರಡೂ ಒಂದೇ ವಾದನ ಎಂದು ಒಂದು ದಿನ ಓದಿ ತಿಳಿದೆ. ಎದ್ದುಹೋಗಿ ರೆಕಾರ್ಡ್ ಹಾಕಿದೆ. ಹೊರ ಅಂಚಿನಲ್ಲಿ ಗಿಟಾರ್ ಗಂಟೆಯಷ್ಟು ನಿರ್ಮಲವಾಗಿತ್ತು. ಲೇಬಲ್ಲಿನ ಬಳಿ ಅದೇ ಸ್ವರಗಳ ಅಂಚಿಗೆ ಮರಳು ಅಂಟಿಕೊಂಡಿತ್ತು. ಟೇಪು ಒಂದೇ ಆದರೆ ಕೆರಳಿದ್ದು ಯಾರು?

ಮರುದಿನ ಗಡಿಯಾರ ರಿಪೇರಿಯವರ ಭೂತಗನ್ನಡಿಯನ್ನು ಎರವಲು ತಂದು ಸೂಜಿಯನ್ನು ದೀಪದ ಕೆಳಗೆ ತಿರುಗಿಸಿ ನೋಡಿದೆ. ತುದಿಯ ಎರಡು ಮಗ್ಗುಲಲ್ಲೂ ಕನ್ನಡಿಯ ಚೂರಿನಂತೆ ಬೆಳಕು ಫಳಕ್ಕೆಂದಿತು; ದುಂಡಗಿರಬೇಕಾದ ವಜ್ರಕ್ಕೆ ಹಾಗೆ ಹೊಳೆಯುವ ಮಟ್ಟಸ ಮುಖ ಇರಬಾರದು. ಸೂಜಿಯ ಬಾಳಿಕೆ ಸಾಮಾನ್ಯವಾಗಿ 500ರಿಂದ 1000 ಗಂಟೆ. ನಾನೊಬ್ಬನೇ ಎರಡು ವರ್ಷಗಳಲ್ಲಿ ಅದನ್ನು 900 ಗಂಟೆಯಾದರೂ ಓಡಿಸಿದ್ದೆ, ನನಗಿಂತ ಹಿಂದಿನವರದ್ದು ಬೇರೆ. ಹೊಸ ಸೂಜಿ ಹಾಕಿದ ಮೇಲೆ ಕೆಲವು ರೆಕಾರ್ಡುಗಳು ಬದುಕಿಕೊಂಡವು, ಏಕೆಂದರೆ ಬೇರೆ ಆಕಾರದ ತುದಿ ಗೋಡೆಯ ಬೇರೆ ಎತ್ತರವನ್ನು, ಹಳೆಯದು ಮುಟ್ಟದಿದ್ದ ಜಾಗವನ್ನು, ಮುಟ್ಟುತ್ತದೆ. ದಿನವೂ ಹಾಕುತ್ತಿದ್ದ ‘ಇನ್ನರ್ ಮೌಂಟಿಂಗ್ ಫ್ಲೇಮ್’ ಉಳಿಯಲಿಲ್ಲ. ‘ಸ್ಪೆಕ್ಟ್ರಮ್’ನಲ್ಲಿ ‘ಸ್ಟ್ರಾಟಸ್’ ಮಾತ್ರ ಚೆನ್ನಾಗಿದೆ, ಅದು ಎರಡನೆಯ ಬದಿಯ ಹೊರ ಅಂಚಿನಲ್ಲಿದೆ ಎಂಬ ಒಂದೇ ಕಾರಣಕ್ಕೆ.

ಆದ್ದರಿಂದ ನಿಮ್ಮ ಹತ್ತರ ಪಟ್ಟಿಯನ್ನು ನಾನು ಒಪ್ಪುವುದಿಲ್ಲ, ಮೊದಲ ಮುದ್ರಣದ ಹಂಬಲವನ್ನಂತೂ ಖಂಡಿತ ಒಪ್ಪುವುದಿಲ್ಲ. ‘ಇನ್ ಎ ಸೈಲೆಂಟ್ ವೇ’ಯ ಮೊದಲ ಮುದ್ರಣದ ಲೇಬಲ್ಲಿನ ಮೇಲೆ ‘360 ಸೌಂಡ್’ ಎಂಬ ಬರಹವಿರುತ್ತದೆ, ಅದನ್ನು ಕಂಡು ನನಗೂ ಪುಳಕವಾಗಿತ್ತು. ಆದರೆ ಆ ಬರಹವು ನಡುವಿನ ಐವತ್ತು ವರ್ಷಗಳಲ್ಲಿ ಎಂಥೆಂಥ ಸೂಜಿಗಳು ಅದರ ಮೇಲೆ ನಡೆದಿವೆ ಎಂದು ಹೇಳುವುದಿಲ್ಲ. ನಾನು ಮಾಡಿದ್ದನ್ನೇ ಮಾಡಿ ಮಾರಿದವರು ಎಷ್ಟು ಮಂದಿಯೋ. ಕಣ್ಣಿಗೆ ಹೊಳೆಯುವ ರೆಕಾರ್ಡು ಕಿವಿಗೆ ಸತ್ತಿರಬಹುದು. ಮೂಲ ಟೇಪಿನಿಂದ ಶ್ರದ್ಧೆಯಿಂದ ಗ್ರೂವ್ ಕೊರೆದು ಮಾಡಿದ ಮರುಮುದ್ರಣ ಸಿಕ್ಕರೆ ಅದನ್ನೇ ಕೊಳ್ಳಿ. ರೆಕಾರ್ಡಿನ ತೂಕ 180 ಗ್ರಾಂ ಎಂಬ ಚೀಟಿಗೆ ಮರುಳಾಗಬೇಡಿ. ತೂಕದಿಂದ ಧ್ವನಿ ಬರುವುದಿಲ್ಲ.

ಏನು ಕೊಳ್ಳಬೇಕೆಂದರೆ, ಮೊದಲು ‘ಇನ್ ಎ ಸೈಲೆಂಟ್ ವೇ’, ಸಂಗೀತಕ್ಕಾಗಿಯೂ ಪರೀಕ್ಷೆಗಾಗಿಯೂ. ಅದರ ಒಂದೊಂದು ಬದಿ ಇಪ್ಪತ್ತು ನಿಮಿಷವನ್ನು ಹೆಚ್ಚು ಮೀರುವುದಿಲ್ಲ. ಗ್ರೂವ್‌ಗಳಿಗೆ ಉಸಿರಾಡಲು ಜಾಗವಿದೆ. ಆಮೇಲೆ ಹರ್ಬಿ ಹ್ಯಾಂಕಾಕ್ ಅವರ 1973ರ ‘ಹೆಡ್ ಹಂಟರ್ಸ್’. ಹತ್ತು ಲಕ್ಷಕ್ಕೂ ಹೆಚ್ಚು ಮಾರಾಟವಾದ ರೆಕಾರ್ಡಾದ್ದರಿಂದ ಹಳೆಯ ಪ್ರತಿಗಳಿಗೆ ಬರವಿಲ್ಲ, ಆರಿಸಿಕೊಳ್ಳುವ ಸ್ವಾತಂತ್ರ್ಯ ನಿಮಗಿರುತ್ತದೆ. ಅದರ ‘ಕಮೀಲಿಯನ್’ ರಚನೆ ಶುರುವಾಗುವ ಸಿಂಥಸೈಝರ್ ಬೇಸ್ ವಿನೈಲ್‌ನಲ್ಲಿ ನೆಲದಿಂದ ಏಳುವಂತೆ ಬರುತ್ತದೆ. ವೆದರ್ ರಿಪೋರ್ಟ್ ತಂಡದ 1977ರ ‘ಹೆವಿ ವೆದರ್’ ಮೂರನೆಯದು; ಎರಡೂ ಬದಿಗಳು ಚಿಕ್ಕವು. ಅದರ ಕೊನೆಯ ರಚನೆ ‘ಹವೋನಾ’ದಲ್ಲಿ ಜ್ಯಾಕೊ ಪಸ್ಟೋರಿಯಸ್ ಅವರ ಬೇಸ್ ಗಿಟಾರ್ ಅತ್ಯಂತ ವೇಗವಾಗಿ ಓಡುವುದು ಲೇಬಲ್ಲಿನ ಪಕ್ಕದಲ್ಲೇ, ಹಾಗಾಗಿ ಹಳೆಯ ಪ್ರತಿಯಾದರೆ ಮೊದಲು ಅದನ್ನೇ ಕೇಳಿಸಿಕೊಂಡು ಆಮೇಲೆ ಹಣ ಕೊಡಿ. ಶಕ್ತಿ ನಿಮಗೆ ಹಿಡಿಸಿದರೆ, ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮೇರಿಯಾನೊ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ತಂಡದೊಡನೆ ಮಾಡಿದ 1983ರ ‘ಜ್ಯೋತಿ’ಯನ್ನು ಹುಡುಕಿ, ಆರ್.ಎ. ರಮಾಮಣಿ ಅವರ ಕಂಠವೂ ಟಿ.ಎ.ಎಸ್. ಮಣಿ ಅವರ ಮೃದಂಗವೂ ಅದರಲ್ಲಿವೆ, ಮತ್ತು ಫ್ಯೂಷನ್ ಎಂದರೆ ಗದ್ದಲ ಎಂದು ನನ್ನಂತೆ ನಂಬಿದವರಿಗೆ ಅದು ತಕ್ಕ ಉತ್ತರ.

ವಿನೈಲ್‌ನಲ್ಲಿ ಕೊಳ್ಳಲೇಬಾರದ ಒಳ್ಳೆಯ ಆಲ್ಬಮ್‌ಗಳೂ ಇವೆ. ಡೇವಿಸ್ ಅವರ 1974ರ ‘ಗೆಟ್ ಅಪ್ ವಿತ್ ಇಟ್’ ನನಗೆ ಅತ್ಯಂತ ಪ್ರಿಯವಾದದ್ದು, ಆದರೆ ಅದರಲ್ಲಿ ಡ್ಯೂಕ್ ಎಲಿಂಗ್ಟನ್ ಅವರ ನೆನಪಿಗಾಗಿ ಮಾಡಿದ ರಚನೆಯೊಂದೇ ಮೂವತ್ತೆರಡು ನಿಮಿಷ, ಅದೂ ಬಹುಪಾಲು ಪಿಸುಮಾತಿನಷ್ಟು ಮೆಲ್ಲಗೆ. ಅಷ್ಟನ್ನು ಒಂದೇ ಬದಿಯಲ್ಲಿ ಹಿಡಿಸಲು ಗ್ರೂವ್‌ಗಳನ್ನು ಕಿರಿದಾಗಿಸಿ ಧ್ವನಿಯ ಮಟ್ಟವನ್ನು ತಗ್ಗಿಸಬೇಕಾಗುತ್ತದೆ. ಆಗ ಧೂಳಿನ ಚಿಟಪಟವೇ ಮುಂದಕ್ಕೆ ಬಂದು ಸಂಗೀತ ಹಿಂದೆ ನಿಲ್ಲುತ್ತದೆ. ಅದನ್ನು ಸಿಡಿಯಲ್ಲಿ ಕೇಳಿ, ಯಾವ ನಾಚಿಕೆಯೂ ಬೇಡ.

ಸದ್ಯಕ್ಕೆ ನಿಮ್ಮ ಹಣದಲ್ಲಿ ಮೊದಲು ನಿಮ್ಮ ಕಾರ್ಟ್ರಿಜ್‌ಗೆ, ಅಂದರೆ ಟೋನ್‌ಆರ್ಮಿನ ತುದಿಯಲ್ಲಿ ಸೂಜಿ ಕೂರುವ ಪುಟ್ಟ ಡಬ್ಬಿಗೆ, ಒಪ್ಪುವ ಹೊಸ ಸೂಜಿ, ಭಾರ ಅಳೆಯುವ ಒಂದು ಪುಟ್ಟ ತಕ್ಕಡಿ, ಕಾರ್ಟ್ರಿಜ್ಜಿನ ಕೋನ ಹೊಂದಿಸುವ ಒಂದು ಅಳತೆಪಟ್ಟಿ ಬರಲಿ. ಆಮೇಲೆ ‘ಇನ್ ಎ ಸೈಲೆಂಟ್ ವೇ’ಯ ಹೊಸ ಮರುಮುದ್ರಣವೊಂದನ್ನು ತಂದು, ಎರಡನೆಯ ಬದಿ ಹಾಕಿ, ಮೊದಲ ನಾಲ್ಕು ನಿಮಿಷಗಳನ್ನೂ ಕೊನೆಯ ನಾಲ್ಕು ನಿಮಿಷಗಳನ್ನೂ ಕೇಳಿ. ಒಳಗಿನದು ಕೂದಲೆಳೆಯಷ್ಟು ಮಂಕಾಗಿದ್ದರೆ ಚಿಂತೆಯಿಲ್ಲ, ‘ಹೆಡ್ ಹಂಟರ್ಸ್’ ಹುಡುಕಲು ಹೊರಡಬಹುದು. ಗಿಟಾರ್ ಕೆರಳಿದಂತೆ ಕೇಳಿಸಿದರೆ ಮಾತ್ರ ಟೋನ್‌ಆರ್ಮನ್ನು ಎತ್ತಿ ಬದಿಗಿಡಿ, ಅಳತೆಪಟ್ಟಿಯನ್ನು ಮತ್ತೊಮ್ಮೆ ಕೈಗೆತ್ತಿಕೊಳ್ಳಿ.