ಕ್ಯಾಂಪರ್ ವ್ಯಾನಿಗೆ ಲಿಥಿಯಂ: ಹಳೇ ಚಾರ್ಜರ್ ಸಾಕಾ?

ನಮಸ್ಕಾರ ಸರ್. ವ್ಯಾನಿನ 100 ಎಎಚ್ (ಆಂಪ್-ಅವರ್) ಟ್ಯೂಬುಲರ್, ಅಂದರೆ ಸೀಸ-ಆಮ್ಲದ ಬ್ಯಾಟರಿ ತೆಗೆದು ಅಷ್ಟೇ ಸಾಮರ್ಥ್ಯದ 12 ವೋಲ್ಟ್ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಹಾಕಿದರೆ ಹಳೇ ಟ್ರಾನ್ಸ್‌ಫಾರ್ಮರ್ ಚಾರ್ಜರ್ ನಡೆಯುತ್ತಾ, ಮೂಡಿಗೆರೆ ಕಡೆಯ ಹೋಂಸ್ಟೇ ಕರೆಂಟ್ ಸಾಕಾಗುತ್ತಾ ಅಂತ ಕೇಳಿದ್ದೀರಿ.

ಚಾರ್ಜರ್ ಬದಲಿಸಲೇಬೇಕು. ಎಸ್ಟೇಟ್ ಲೈನಿನಲ್ಲಿ ವೋಲ್ಟೇಜ್ ಬಿದ್ದರೆ ಟ್ರಾನ್ಸ್‌ಫಾರ್ಮರ್ ಚಾರ್ಜರಿನ ಔಟ್‌ಪುಟ್ಟೂ ಜೊತೆಗೇ ಬೀಳುತ್ತದೆ, ರಾತ್ರಿಯಿಡೀ ಹಾಕಿಟ್ಟರೂ ಬ್ಯಾಟರಿ ತುಂಬುವುದಿಲ್ಲ. ಇನ್‌ಪುಟ್ 90ರಿಂದ 264 ವೋಲ್ಟ್ ಎಂದು ಬರೆದಿರುವ, ಲಿಥಿಯಂ ಸೆಟ್ಟಿಂಗ್ ಇರುವ 30 ಆಂಪ್‌ನ ಎಸ್‌ಎಂಪಿಎಸ್ (ಇನ್‌ಪುಟ್ ಏರಿಳಿದರೂ ಔಟ್‌ಪುಟ್ ಸ್ಥಿರವಾಗಿಡುವ ಎಲೆಕ್ಟ್ರಾನಿಕ್) ಚಾರ್ಜರ್ ತಗೊಳ್ಳಿ. ಚಾರ್ಜಿಂಗ್ ವೋಲ್ಟೇಜ್ 14.2ರಿಂದ 14.6 ವೋಲ್ಟಿನೊಳಗೆ ನಿಲ್ಲಬೇಕು, ಸೀಸದ ಬ್ಯಾಟರಿಗಷ್ಟೇ ಬೇಕಾದ ಈಕ್ವಲೈಸ್, ಡಿಸಲ್ಫೇಶನ್ ಸೆಟ್ಟಿಂಗ್ ಎರಡೂ ಆಫ್ ಇರಲಿ. ಪೂರ್ತಿ ಲೋಡಿನಲ್ಲಿ ಚಾರ್ಜರ್ ಸುಮಾರು 480 ವ್ಯಾಟ್ ಎಳೆಯುತ್ತದೆ. ವೋಲ್ಟೇಜ್ 160ಕ್ಕೆ ಇಳಿದರೆ 3 ಆಂಪ್ ದಾಟುತ್ತದೆ, ಸಡಿಲ ಸಾಕೆಟ್ಟಿನಲ್ಲಿ ಪ್ಲಗ್ಗಿನ ಪಿನ್ ಬಿಸಿಯಾಗುವುದು ಆಗಲೇ. ಮುಟ್ಟಿ ನೋಡ್ತಿರಿ.

ಚಾರ್ಜರಿನಿಂದ ಬ್ಯಾಟರಿಗೆ 2 ಮೀಟರ್ ದೂರವಿದ್ದರೆ 10 ಸ್ಕ್ವೇರ್ ಎಂಎಂ ತಾಮ್ರದ ವೈರ್ ಎಳೆಸಿ. ಅದರಲ್ಲೂ 0.2 ವೋಲ್ಟ್ ಕಳೆಯುತ್ತದೆ, ಆದ್ದರಿಂದ ಮಲ್ಟಿಮೀಟರ್ ಹಿಡಿಯುವುದು ಬ್ಯಾಟರಿ ಟರ್ಮಿನಲ್ಲಿನಲ್ಲೇ. 40 ಆಂಪ್ ಫ್ಯೂಸ್ ಬ್ಯಾಟರಿಯ ಪ್ಲಸ್ ಪಕ್ಕದಲ್ಲೇ ಇರಬೇಕು. ಮಲೆನಾಡಿನ ಮಳೆಗಾಲಕ್ಕೆ ವೈರಿನ ತುದಿಗೆ ಟಿನ್ ಲೇಪಿಸಿದ ಲಗ್ಗೇ (ಟರ್ಮಿನಲ್ಲಿಗೆ ಬಿಗಿಯುವ ಕೊಂಡಿ) ಒಳ್ಳೆಯದು, ಬರೀ ತಾಮ್ರ ಬೇಗ ಹಸಿರು ಹಿಡಿಯುತ್ತದೆ.

ನೀವು ಕೇಳದ ಒಂದು ಮಾತು, ಆದರೆ ಇದೇ ಮುಖ್ಯ: ಆಲ್ಟರ್ನೇಟರಿನಿಂದ (ಎಂಜಿನ್ ತಿರುಗಿಸುವ ಜನರೇಟರ್) ರಿಲೇ ಸ್ವಿಚ್ ಮೂಲಕ ಬ್ಯಾಟರಿಗೆ ಬರುವ ಹಳೇ ಕನೆಕ್ಷನ್ ಬಿಚ್ಚಿಸಿ. ಲಿಥಿಯಂ ಸಿಕ್ಕಷ್ಟು ಕರೆಂಟ್ ಎಳೆಯುತ್ತದೆ. ಐಡಲ್‌ನಲ್ಲಿ ಆಲ್ಟರ್ನೇಟರ್ ಫ್ಯಾನ್ ನಿಧಾನ, ತಣ್ಣಗಾಗದೆ ಅದರೊಳಗಿನ ಡಯೋಡ್ ಸುಡುತ್ತದೆ. ಅಲ್ಲಿಗೆ 30 ಆಂಪ್‌ನ ಡಿಸಿ-ಡಿಸಿ ಚಾರ್ಜರ್ (ಎಳೆಯುವ ಕರೆಂಟಿಗೆ ಮಿತಿ ಹಾಕುವಂಥದ್ದು) ಹಾಕಿಸಿ, ಇಗ್ನಿಷನ್ ಆನ್ ಇದ್ದಾಗ ಮಾತ್ರ ಕೆಲಸ ಮಾಡುವ ಹಾಗೆ.